ಇಡೀ ಸೀಸನ್‌ನ ದುಡ್ಡು ಮೊದಲೇ ಕೊಟ್ಟು ಫಾರ್ಮ್‌ನಿಂದ ಮಾಂಸ ತರಿಸಿಕೊಳ್ಳಬಹುದಾ?

ನೀವು ಕೇಳಿದ್ದು ಇಷ್ಟು: ಹತ್ತಿರದ ಒಂದು ಫಾರ್ಮ್‌ನವರು ಆರು ತಿಂಗಳ ಹಣ ಮುಂಗಡ ಕೇಳುತ್ತಿದ್ದಾರೆ, ತಿಂಗಳಿಗೊಂದು ಪೆಟ್ಟಿಗೆ ಮಾಂಸ ಕೊಡುತ್ತಾರಂತೆ, ಎಲ್ಲವೂ ಹುಲ್ಲುಗಾವಲಿನಲ್ಲಿ ಬೆಳೆದ ಪ್ರಾಣಿಗಳದ್ದು. ಮನೆಯಲ್ಲಿ ಇರುವುದು ಇಬ್ಬರು, ಫ್ರಿಜ್ ಸಾಧಾರಣದ್ದು. ಸೇರಬೇಕಾ, ಬೇಡವಾ?

ನಾನು ಕೆಲವು ವರ್ಷಗಳಿಂದ ಹೀಗೇ ತರಿಸುತ್ತಿದ್ದೇನೆ, ಮುಂದೆಯೂ ತರಿಸುತ್ತೇನೆ. ಆದರೂ ಎಲ್ಲರಿಗೂ ಸೇರಿ ಅಂತ ಹೇಳುವುದಿಲ್ಲ. ಇವತ್ತು ಏನು ತಿನ್ನಬೇಕು ಅನ್ನಿಸುತ್ತದೋ ಅದನ್ನು ತಂದು ಅಡುಗೆ ಮಾಡುವ ಮನೆ ನಿಮ್ಮದಾದರೆ ಬೇಡ. ಫ್ರೀಜರ್ ಬಾಗಿಲು ತೆಗೆದು, ಒಳಗೆ ಏನಿದೆ ನೋಡಿ, ಆಮೇಲೆ ಅಡುಗೆ ಯೋಚಿಸುವವರಾದರೆ ಧಾರಾಳವಾಗಿ ಸೇರಿ. ಬೆಲೆ, ರುಚಿ, ಆರೋಗ್ಯ ಎಲ್ಲ ಆಮೇಲಿನ ಮಾತು.

ಯಾಕೆ ಅಂದರೆ, ಒಂದು ಕುರಿಗೆ ಇರುವುದು ಎರಡೇ ಹಿಂದೊಡೆ. ಅಂಗಡಿಯಲ್ಲಿ ನೀವು ಪ್ರತಿ ಸಲ ತೊಡೆಯನ್ನೇ ಕೇಳಿ ತರಬಹುದು, ಕುತ್ತಿಗೆ, ಪಕ್ಕೆ, ಲಿವರ್, ತಲೆ ಎಲ್ಲವನ್ನೂ ಬೇರೆ ಯಾರೋ ಕೊಳ್ಳುತ್ತಾರೆ. ಹೀಗೆ ಮುಂಗಡ ಕೊಟ್ಟು ಫಾರ್ಮ್‌ನಲ್ಲಿ ಪಾಲು ತೆಗೆದುಕೊಂಡ ಮೇಲೆ ಆ ಬೇರೆ ಯಾರೋ ನೀವೇ. ಪೆಟ್ಟಿಗೆ ತೆರೆದಾಗ ಮೇಲೆ ಎರಡು ಚಾಪ್ಸ್ ಪ್ಯಾಕೆಟ್ ಕಾಣುತ್ತದೆ, ಖುಷಿಯಾಗುತ್ತದೆ. ಕೆಳಗೆ ನೋಡಿದರೆ ಖೈಮಾ, ಮತ್ತೆ ಖೈಮಾ, ಕುತ್ತಿಗೆಯ ದಪ್ಪ ತುಂಡುಗಳು, ನಲ್ಲಿ ಮೂಳೆ, ಒಂದು ಪುಟ್ಟ ಪೊಟ್ಟಣದಲ್ಲಿ ಲಿವರ್. ನನಗೆ ಈಗ ಕುತ್ತಿಗೆಯೇ ಇಷ್ಟ, ಗಂಟೆಗಟ್ಟಲೆ ಸಣ್ಣ ಉರಿಯಲ್ಲಿ ಬಿಟ್ಟರೆ ಮೂಳೆಯಿಂದ ತಾನೇ ಬಿಡಿಸಿಕೊಳ್ಳುತ್ತದೆ. ಆದರೆ ಆಫೀಸಿನಿಂದ ಬಂದು ಅರ್ಧ ಗಂಟೆಯಲ್ಲಿ ಊಟ ಮುಗಿಸಬೇಕು ಅನ್ನುವವರಿಗೆ ಆ ಪ್ಯಾಕೆಟ್ ತಿಂಗಳುಗಟ್ಟಲೆ ಫ್ರೀಜರ್‌ನ ಮೂಲೆಯಲ್ಲೇ ಉಳಿಯುತ್ತದೆ. ಇಷ್ಟವಿಲ್ಲದ ತುಂಡುಗಳನ್ನು ಬದಲಾಯಿಸಿಕೊಡುತ್ತೀರಾ ಅಂತ ಮೊದಲೇ ಕೇಳಿ. ಕೆಲವರು ಕೊಡುತ್ತಾರೆ.

ಈಗ ಹಣದ ವಿಷಯ. ಪೆಟ್ಟಿಗೆಯ ಲೆಕ್ಕ ಸುಲಭ, ಇಷ್ಟು ಕೆಜಿ ಅಂದರೆ ಇಷ್ಟು ಕೆಜಿ. ಇಡೀ ಪ್ರಾಣಿ ಅಥವಾ ಅರ್ಧ ಪ್ರಾಣಿಯ ಪಾಲು ಇದ್ದರೆ ಮಾತ್ರ ಹುಷಾರು. ಅಲ್ಲಿ ಮೂರು ತೂಕ ಇರುತ್ತದೆ. ಒಂದು ಜೀವಂತ ತೂಕ. ಎರಡನೆಯದು ಕೊಯ್ದು, ಚರ್ಮ, ಕರುಳು ತೆಗೆದು ತೂಗುಹಾಕಿದಾಗಿನ ತೂಕ. ಮೂರನೆಯದು ಕೊನೆಗೆ ಪ್ಯಾಕೆಟ್ ಆಗಿ ನಿಮ್ಮ ಕೈಗೆ ಬರುವ ತೂಕ. ಕುರಿ, ಆಡುಗಳಲ್ಲಿ ಜೀವಂತ ತೂಕದ ಹೆಚ್ಚುಕಡಿಮೆ ಅರ್ಧ ಮಾತ್ರ ತೂಗುಹಾಕಿದ ತೂಕ, ಎಷ್ಟೋ ಸಲ ಅದಕ್ಕಿಂತ ಸ್ವಲ್ಪ ಕಡಿಮೆಯೇ. ಹಂದಿಯಲ್ಲಿ ಸುಮಾರು ಶೇ. 70 ಸಿಗುತ್ತದೆ, ಕೋಳಿಯಲ್ಲೂ ಅಷ್ಟೇ ಅಥವಾ ಸ್ವಲ್ಪ ಜಾಸ್ತಿ. ಹಾಗಾಗಿ 40 ಕೆಜಿಯ ಕುರಿ ಅಂದರೆ 40 ಕೆಜಿ ಮಟನ್ ಅಲ್ಲ, 20 ಕೆಜಿ ಆಸುಪಾಸು, ಅದರಲ್ಲೂ ಮೂಳೆ ಬೇಡ, ಕೊಬ್ಬು ಬೇಡ ಅಂತ ಬಿಡಿಸಿದರೆ ಮತ್ತೆ ಕಾಲುಭಾಗಕ್ಕಿಂತ ಜಾಸ್ತಿ ಇಳಿಯುತ್ತದೆ. ಇದರಲ್ಲಿ ಯಾರೂ ಮೋಸ ಮಾಡುತ್ತಿಲ್ಲ, ಪ್ರಾಣಿಯ ಮೈ ಇರುವುದೇ ಹಾಗೆ. ನೀವು ಹೇಳುವ ದರ ಯಾವ ತೂಕದ್ದು, ಕೊಯ್ಯುವ ಮತ್ತು ಪ್ಯಾಕ್ ಮಾಡುವ ಕೂಲಿ ಇದರಲ್ಲೇ ಸೇರಿದೆಯಾ ಅಂತ ಒಂದೇ ಉಸಿರಿಗೆ ಕೇಳಿಬಿಡಿ. ಕೊನೆಗೆ ಪ್ಯಾಕೆಟ್ ತೂಕಕ್ಕೆ ಭಾಗಿಸಿ ನೋಡಿ, ಅದೇ ನಿಜವಾದ ಬೆಲೆ.

ಮುಂಗಡ ಯಾಕೆ ಕೇಳುತ್ತಾರೆ ಅನ್ನುವ ಅನುಮಾನ ನಿಮ್ಮ ಪ್ರಶ್ನೆಯಲ್ಲೇ ಕಾಣುತ್ತದೆ. ಈ ಪದ್ಧತಿ ಇರುವುದೇ ಅದಕ್ಕೆ. ಮರಿ ತರುವುದು, ಬೇಲಿ, ಮೇವು, ಔಷಧಿ ಎಲ್ಲದರ ಖರ್ಚು ಮೊದಲು, ಮಾಂಸದ ದುಡ್ಡು ಬರುವುದು ತಿಂಗಳುಗಳ ನಂತರ. ಆ ನಡುವಿನ ಹೊರೆಯನ್ನು ತಿನ್ನುವವರು ಸ್ವಲ್ಪ ಹೊತ್ತರೆ ರೈತ ಸಾಲ ಮಾಡಬೇಕಾಗಿಲ್ಲ. ಜಪಾನಿನಲ್ಲಿ 1970ರ ದಶಕದಲ್ಲಿ ಮನೆಯವರು ಗುಂಪು ಕಟ್ಟಿಕೊಂಡು ರೈತರ ಜೊತೆ ನೇರ ಒಪ್ಪಂದ ಮಾಡಿಕೊಳ್ಳಲು ಶುರುಮಾಡಿದರು, ಅದಕ್ಕೆ ತೇಕೇ ಅನ್ನುತ್ತಾರೆ. ಅಮೆರಿಕದಲ್ಲಿ 1986ರಲ್ಲಿ ಮ್ಯಾಸಚೂಸೆಟ್ಸ್‌ನ ಮತ್ತು ನ್ಯೂ ಹ್ಯಾಂಪ್‌ಶೈರ್‌ನ ಎರಡು ತೋಟಗಳು ತರಕಾರಿಗೆ ಈ ಪಾಲಿನ ಲೆಕ್ಕ ತಂದವು. ಮಾಂಸ ಆಮೇಲೆ ಅದೇ ದಾರಿಗೆ ಬಂತು. ಲಾಭ ಹಂಚಿಕೊಂಡ ಹಾಗೆ ನಷ್ಟವನ್ನೂ ಹಂಚಿಕೊಳ್ಳುವುದು ಇದರ ಮೂಲ ಮಾತು. ಅದಕ್ಕೇ ಸಹಿ ಹಾಕುವ ಮೊದಲು ನಷ್ಟದ ಪ್ರಶ್ನೆ ಕೇಳಿ. ರೋಗ ಬಂದು ಕೋಳಿಗಳು ಸತ್ತರೆ? ಮಳೆ ಕೈಕೊಟ್ಟು ಹುಲ್ಲು ಒಣಗಿದರೆ? ಹಣ ವಾಪಸ್ಸಾ, ಬದಲಿಗೆ ಬೇರೆ ಮಾಂಸವಾ, ಮುಂದಿನ ಸೀಸನ್‌ಗೆ ಜಮೆಯಾ? ಯಾವ ಉತ್ತರವಾದರೂ ಪರವಾಗಿಲ್ಲ, ಕಾಗದದಲ್ಲಿ ಇರಲಿ. ಇಂಥ ಪ್ರಶ್ನೆಗೆ ಸಿಟ್ಟು ಮಾಡಿಕೊಳ್ಳುವವರ ಹತ್ತಿರ ನಾನಂತೂ ಮುಂಗಡ ಕೊಡುವುದಿಲ್ಲ.

ಇನ್ನು ಹುಲ್ಲುಗಾವಲು. ಇಲ್ಲಿ ಜನ ಸುಲಭವಾಗಿ ಮರುಳಾಗುತ್ತಾರೆ. ಕುರಿ, ಆಡು, ದನ ಬರೀ ಹುಲ್ಲು, ಸೊಪ್ಪು ತಿಂದು ಬೆಳೆಯಬಲ್ಲವು. ಕೋಳಿ, ಹಂದಿ ಹಾಗಲ್ಲ, ಎಷ್ಟೇ ಬಯಲಿನಲ್ಲಿ ಓಡಾಡಿದರೂ ಅವಕ್ಕೆ ಕಾಳು ಬೇಕೇ ಬೇಕು. ಹಾಗಾಗಿ ನಮ್ಮ ಕೋಳಿ ಪೂರ್ತಿ ಹುಲ್ಲಲ್ಲೇ ಬೆಳೆದದ್ದು ಅಂತ ಯಾರಾದರೂ ಹೇಳಿದರೆ ಸುಮ್ನೆ ನಕ್ಕುಬಿಡಿ. ಕುರಿ, ದನದ ವಿಷಯದಲ್ಲಿ ಕೇಳಬೇಕಾದ್ದು ಬೇರೆ: ಕೊಯ್ಯುವ ಮೊದಲಿನ ಎರಡು ಮೂರು ತಿಂಗಳು ಏನು ತಿನ್ನಿಸುತ್ತೀರಿ? ಹುಲ್ಲಲ್ಲಿ ಮೇಯಿಸಿ ಕೊನೆಗೆ ಕಾಳು ತಿನ್ನಿಸಿ ಕೊಬ್ಬಿಸುವುದು ತುಂಬಾ ಕಡೆ ಇದೆ. ಅದು ತಪ್ಪು ಅಂತ ನಾನು ಹೇಳುತ್ತಿಲ್ಲ, ರುಚಿಯೂ ಚೆನ್ನಾಗಿರುತ್ತದೆ, ಆದರೆ ನೀವು ಹಣ ಕೊಡುತ್ತಿರುವುದು ಯಾವುದಕ್ಕೆ ಅಂತ ಗೊತ್ತಿರಬೇಕು ಅಲ್ವಾ.

ಒಮ್ಮೆ ಹೋಗಿ ನೋಡಿ ಬನ್ನಿ. ನಾನು ಮೊದಲು ನೋಡುವುದು ನೆಲವನ್ನು. ಕೋಳಿಗಳನ್ನು ತಳವಿಲ್ಲದ ಗೂಡಿನಲ್ಲಿಟ್ಟು ದಿನಾ ಅಷ್ಟಷ್ಟೇ ಮುಂದಕ್ಕೆ ಎಳೆಯುವ ಕಡೆ, ಗೂಡಿನ ಹಿಂದೆ ಹುಲ್ಲಿನ ಪಟ್ಟೆಗಳು ಕಾಣುತ್ತವೆ. ನಿನ್ನೆಯ ಜಾಗ ಕೆದಕಿ ಹಿಕ್ಕೆ ತುಂಬಿರುತ್ತದೆ, ಕೆಲವು ವಾರ ಹಿಂದಿನದು ಸುತ್ತಲಿನದಕ್ಕಿಂತ ಕಡು ಹಸಿರಾಗಿ ಎದ್ದಿರುತ್ತದೆ. ಗೊಬ್ಬರ ಬಿದ್ದಿದೆಯಲ್ಲ. ಇಂಥ ಪಟ್ಟೆ ಕಂಡರೆ ಗೂಡು ನಿಜವಾಗಿಯೂ ಸರಿಯುತ್ತಿದೆ ಅಂತ ಅರ್ಥ. ಅದೇ ಜಾಗದಲ್ಲಿ ತಿಂಗಳುಗಟ್ಟಲೆ ನಿಂತ ಗೂಡಿನ ಸುತ್ತ ಬರೀ ಕೆಸರು, ವಾಸನೆ. ಬಾಯಿಮಾತಿಗಿಂತ ಈ ನೆಲವನ್ನು ನಂಬಬಹುದು.

ಕೊಬ್ಬು ಹಳದಿ ಇದ್ದರೆ ಹುಲ್ಲು ಮೇದದ್ದು ಅಂತ ಒಂದು ಮಾತಿದೆ. ದನದ ಮಾಂಸಕ್ಕೆ ಅದು ಒಂದು ಮಟ್ಟಿಗೆ ನಿಜ, ಹಸಿರು ಮೇವಿನಲ್ಲಿರುವ ಕ್ಯಾರೋಟಿನ್ ಅನ್ನುವ ಹಳದಿ ಬಣ್ಣ ಕೊಬ್ಬಿನಲ್ಲಿ ಉಳಿಯುತ್ತದೆ. ಆಡು, ಕುರಿ, ಎಮ್ಮೆಗೆ ಈ ಪರೀಕ್ಷೆ ನಡೆಯುವುದಿಲ್ಲ, ಎಷ್ಟು ಹುಲ್ಲು ತಿಂದರೂ ಅವುಗಳ ಕೊಬ್ಬು ಬಿಳಿಯೇ. ಇದು ಗೊತ್ತಿಲ್ಲದೆ ಮಟನ್‌ನ ಬಿಳಿ ಕೊಬ್ಬು ನೋಡಿ ರೈತನ ಜೊತೆ ಜಗಳಕ್ಕೆ ನಿಲ್ಲಬೇಡಿ. ಆರೋಗ್ಯದ ಬಗ್ಗೆ ಒಂದೇ ಸಾಲು: ಹುಲ್ಲು ತಿಂದ ಪ್ರಾಣಿಯ ಮಾಂಸದಲ್ಲಿ ಒಮೆಗಾ-3 ಜಾಸ್ತಿ ಇರುವುದು ಹೌದು, ಆದರೆ ಕೊಬ್ಬಿನ ಮೀನಿನ ಮುಂದೆ ಅದು ಲೆಕ್ಕಕ್ಕೇ ಇಲ್ಲ. ಅದೊಂದಕ್ಕೋಸ್ಕರ ಸೇರಬೇಡಿ.

ನಿಮ್ಮ ನಿಜವಾದ ತೊಂದರೆ ಫ್ರೀಜರ್. 28 ಲೀಟರ್ ಜಾಗದಲ್ಲಿ ಹತ್ತಿರಹತ್ತಿರ 15 ಕೆಜಿ ಮಾಂಸ ಹಿಡಿಯುತ್ತದೆ, ಅದೂ ಚಪ್ಪಟೆ ಪ್ಯಾಕೆಟ್‌ಗಳಾದರೆ. ಸಾಧಾರಣ ಫ್ರಿಜ್‌ನ ಮೇಲಿನ ಖಾನೆಯಲ್ಲಿ ಐಸು, ಬಟಾಣಿ, ಐಸ್‌ಕ್ರೀಮ್ ಹೋಗಿ ಉಳಿದದ್ದರಲ್ಲಿ ತಿಂಗಳ ಪೆಟ್ಟಿಗೆ ಕಷ್ಟಪಟ್ಟು ಕೂರಬಹುದು, ಅರ್ಧ ಪ್ರಾಣಿ ಕೂರುವುದಿಲ್ಲ. ಮೈನಸ್ 18 ಡಿಗ್ರಿ ಇರಬೇಕು, ಪ್ಯಾಕೆಟ್ ಒಳಗೆ ಗಾಳಿ ಇರಬಾರದು. ಗಾಳಿ ತಾಗಿದ ಕಡೆ ಮಾಂಸ ಒಣಗಿ ಬಿಳಿಚಿಕೊಳ್ಳುತ್ತದೆ, ಕೆಟ್ಟಿರುವುದಿಲ್ಲ, ಆದರೆ ಜಗಿದರೆ ನಾರು. ವ್ಯಾಕ್ಯೂಮ್ ಪ್ಯಾಕ್ ಮಾಡಿಕೊಡುತ್ತಾರಾ ಕೇಳಿ. ಖೈಮಾ ಮತ್ತು ಲಿವರ್‌ಗಳನ್ನು ಮೂರು ನಾಲ್ಕು ತಿಂಗಳಲ್ಲಿ ಮುಗಿಸಿ, ದೊಡ್ಡ ತುಂಡುಗಳು ವರ್ಷದ ಹತ್ತಿರ ಚೆನ್ನಾಗಿಯೇ ಇರುತ್ತವೆ. ಕರಗಿಸುವುದು ಫ್ರಿಜ್ ಒಳಗೇ, ಎರಡು ಕೆಜಿಯ ತುಂಡಿಗೆ ಒಂದು ಇಡೀ ದಿನ ಬೇಕು. ನಾಳೆಯ ಊಟವನ್ನು ಇವತ್ತೇ ಯೋಚಿಸಬೇಕು ಅಂತಾಯಿತು. ಇದು ಸಣ್ಣ ವಿಷಯ ಅನ್ನಿಸುತ್ತದೆ, ಆದರೆ ಪಾಲು ಬಿಟ್ಟುಹೋದ ನನ್ನ ಪರಿಚಯದವರಲ್ಲಿ ಹೆಚ್ಚಿನವರು ಬಿಟ್ಟದ್ದು ಇದಕ್ಕೇ.

ಬೇಯಿಸುವಾಗಲೂ ಸ್ವಲ್ಪ ಬದಲಾವಣೆ ಬೇಕು. ಓಡಾಡಿ ಮೇದ ಪ್ರಾಣಿಯಲ್ಲಿ ಕೊಬ್ಬು ಕಡಿಮೆ, ಹಾಗಾಗಿ ಜೋರು ಉರಿಯಲ್ಲಿ ಹುರಿಯುವ ತುಂಡು ಬೇಗ ಒಣಗುತ್ತದೆ, ಮಾಮೂಲಿಗಿಂತ ಬೇಗ ಇಳಿಸಿ. ಗಟ್ಟಿ ತುಂಡುಗಳಿಗೆ ತದ್ವಿರುದ್ಧ, ಮಾಮೂಲಿಗಿಂತ ಜಾಸ್ತಿ ಹೊತ್ತು, ಸಣ್ಣ ಉರಿ. ಥರ್ಮಾಮೀಟರ್ ಇದ್ದರೆ ಕೋಳಿಗೆ ಒಳಗೆ 74 ಡಿಗ್ರಿ, ಖೈಮಾಕ್ಕೆ 71, ಇಡೀ ತುಂಡಿಗೆ 63 ಬಂದು ಮೂರು ನಿಮಿಷ ಬಿಟ್ಟರೆ ಸಾಕು. ಬಯಲಲ್ಲಿ ಬೆಳೆದದ್ದು ಶುದ್ಧ, ಅರೆಬೆಂದರೂ ನಡೆಯುತ್ತದೆ ಅನ್ನುವ ಮಾತನ್ನು ನಂಬಬೇಡಿ. ಕೋಳಿಯ ಹೊಟ್ಟೆಯೊಳಗಿನ ಕ್ರಿಮಿಗೆ ಬಯಲು, ಶೆಡ್ಡು ಎಲ್ಲ ಒಂದೇ.

ಸೀಸನ್ ಅಂದರೆ ಏನು ಅಂತಲೂ ಅವರನ್ನು ಕೇಳಿ. ಹುಲ್ಲು ವರ್ಷಪೂರ್ತಿ ಒಂದೇ ಥರ ಇರುವುದಿಲ್ಲ. ಹಸಿರು ಇದ್ದಷ್ಟು ದಿನ ಮರಿಗಳು ಮೈ ತುಂಬಿಕೊಳ್ಳುತ್ತವೆ, ಹಸಿರು ಮುಗಿಯುವ ಹೊತ್ತಿಗೆ ಕೊಯ್ಯುತ್ತಾರೆ. ಹಾಗಾಗಿ ಆರು ತಿಂಗಳ ಪೆಟ್ಟಿಗೆಯಲ್ಲಿ ಕೆಲವು ತಿಂಗಳು ಬರೀ ಕೋಳಿ, ಕೆಲವು ತಿಂಗಳು ಬರೀ ಮಟನ್ ಬಂದರೆ ಆಶ್ಚರ್ಯವಿಲ್ಲ. ಪ್ರತಿ ತಿಂಗಳೂ ಎಲ್ಲವೂ ತಾಜಾ ಸಿಗುತ್ತದೆ ಅಂದರೆ ನನಗೆ ಅನುಮಾನ ಬರುತ್ತದೆ. ಬೇರೆ ಕಡೆಯಿಂದ ತಂದು ತುಂಬುತ್ತಿರಬಹುದು. ಮೊದಲೇ ಕೊಯ್ದು ಫ್ರೀಜ್ ಮಾಡಿಟ್ಟದ್ದು ಅಂತ ನೇರವಾಗಿ ಹೇಳುವವರೇ ಮೇಲು.

ನಿಮ್ಮ ಜಾಗದಲ್ಲಿ ನಾನಿದ್ದರೆ ಆರು ತಿಂಗಳಿಗೆ ಈಗಲೇ ಒಪ್ಪುವುದಿಲ್ಲ. ಒಂದೇ ಒಂದು ಪೆಟ್ಟಿಗೆ ಮಾರುತ್ತೀರಾ ಅಂತ ಕೇಳುತ್ತೇನೆ, ಅಂಗಡಿ ರೇಟಿಗಿಂತ ಸ್ವಲ್ಪ ಜಾಸ್ತಿಯಾದರೂ ಕೊಂಡು ನೋಡುತ್ತೇನೆ. ತಿಂಗಳು ಮುಗಿಯುವ ಹೊತ್ತಿಗೆ ಚಾಪ್ಸ್ ಅಲ್ಲದ ಪ್ಯಾಕೆಟ್‌ಗಳೂ ಖಾಲಿಯಾಗಿದ್ದರೆ ಪಾಲಿಗೆ ಸೇರಿ. ಇಬ್ಬರಿಗೆ ಪೂರ್ತಿ ಪಾಲು ಜಾಸ್ತಿಯೇ ಆಗುತ್ತದೆ, ಇನ್ನೊಂದು ಮನೆಯವರ ಜೊತೆ ಅರ್ಧರ್ಧ ಮಾಡಿಕೊಳ್ಳಿ. ಆದರೆ ಲಿವರ್ ಇಷ್ಟಪಡುವ ಮನೆಯನ್ನೇ ಹುಡುಕಿ, ನಿಮಗೆ ಬೇಡವಾದದ್ದು ಅವರಿಗೂ ಬೇಡವಾದರೆ ಹಂಚಿಕೊಂಡು ಏನು ಪ್ರಯೋಜನ? ಪೆಟ್ಟಿಗೆ ಬರುವ ದಿನ ನೀವು ಊರಲ್ಲಿ ಇಲ್ಲದಿದ್ದರೆ ಅವರೇ ಇಟ್ಟುಕೊಳ್ಳುತ್ತಾರಾ ಅನ್ನುವುದನ್ನೂ ಇದರ ಜೊತೆಗೇ ಕೇಳಿಕೊಳ್ಳಿ.