ಕೆಸು ತುರಿಸಿದರೆ ಗಿಡ ಕೀಳಬೇಕೇ?

ಪ್ರಶ್ನೆ: ಊರಿಂದ ತಂದ ಕೆಸುವಿನ ಗಡ್ಡೆಯನ್ನು ತಾರಸಿಯ ಕುಂಡದಲ್ಲಿ ನೆಟ್ಟಿದ್ದೆ. ಎಲೆ ಚೆನ್ನಾಗಿ ಬಂತು. ಪತ್ರೊಡೆ ಮಾಡಿದರೆ ಎಲ್ಲರ ಗಂಟಲೂ ತುರಿಸಿತು. ಮಳೆ ಶುರುವಾದ ಮೇಲೆ ಎಲೆಯಲ್ಲಿ ಕಂದು ಕಲೆಗಳೂ ಬಂದಿವೆ. ಗಿಡ ಕಿತ್ತುಬಿಡಲೇ?
– ಓದುಗರು, ಬೆಂಗಳೂರು

ಉತ್ತರ: ದಯವಿಟ್ಟು ಕೀಳಬೇಡಿ! ಶಿರಸಿ ಕಡೆಯ ನಮಗೆ ಕೆಸುವಿಲ್ಲದ ಮಳೆಗಾಲ ಮಳೆಗಾಲವೇ ಅಲ್ಲ. ಬಚ್ಚಲು ನೀರು ಹರಿಯುವಲ್ಲಿ ತಾನಾಗಿ ಹಬ್ಬುವ ಗಿಡ ಅದು.

ತುರಿಕೆಗೆ ಕಾರಣ ಕ್ಯಾಲ್ಸಿಯಂ ಆಕ್ಸಲೇಟ್‌ನ ಸೂಜಿಯಂಥ ಹರಳುಗಳು. ಅರೆಬೆಂದ ಎಲೆಯಲ್ಲಿ ಅವು ಗಂಟಲಿಗೆ ಚುಚ್ಚುತ್ತವೆ. ನಿಮ್ಮ ಪತ್ರೊಡೆ ಸಾಕಷ್ಟು ಬೆಂದಿರಲಿಲ್ಲ ಅಂತಲೇ ನನ್ನ ಅನುಮಾನ. ಎಳೆ ಎಲೆ ಆರಿಸಿ, ಹಿಂಬದಿಯ ದಪ್ಪ ನಾರು ಹೆರೆಯಿರಿ. ಹಿಟ್ಟಿಗೆ ಹುಣಸೆಹಣ್ಣು ಧಾರಾಳವಾಗಿ ಹಾಕಿ, ಜಿಪುಣತನ ಬೇಡ. ಸುರುಳಿ ತೆಳ್ಳಗಿರಲಿ. ಹಬೆಯಲ್ಲಿ ಮುಕ್ಕಾಲು ಗಂಟೆಯಾದರೂ ಬೇಯಲಿ. ಎಲೆ, ಗಡ್ಡೆ ಹೆಚ್ಚುವಾಗ ಕೈಗೆ ಕೊಬ್ಬರಿ ಎಣ್ಣೆ ಸವರಿಕೊಳ್ಳಿ.

ಪತ್ರೊಡೆಯ ಸಹವಾಸ ಬೇಡ ಅನಿಸಿದರೆ ಕರಕಲಿ ಮಾಡಿ. ಎಲೆ ಸಣ್ಣಗೆ ಹೆಚ್ಚಿ, ಹಸಿಮೆಣಸು, ಹುಳಿ ಹಾಕಿ ಮುದ್ದೆಯಾಗುವವರೆಗೆ ಕುದಿಸಿ. ಮಸೆದು, ಬೆಳ್ಳುಳ್ಳಿ ಒಗ್ಗರಣೆ ಕೊಡಿ. ಬಿಸಿ ಅನ್ನಕ್ಕೆ ಇದರ ಮುಂದೆ ಬೇರೇನೂ ಬೇಡ. ಮಲೆನಾಡಿಗೆ ಬಂದರೆ ಮರದ ಕಾಂಡದ ಮೇಲೆ ಬೆಳೆಯುವ ಮರಕೆಸುವಿನ ಪತ್ರೊಡೆಯನ್ನೂ ತಿಂದು ನೋಡಿ. ಅದು ಮಳೆಗಾಲದಲ್ಲಿ ಮಾತ್ರ ಸಿಗುತ್ತದೆ.

ಕಂದು ಕಲೆ ಎಲೆ ಅಂಗಮಾರಿ ಇರಬಹುದು. ಮೊದಲು ನೀರು ನೆನೆದಂತೆ ಕಾಣುತ್ತದೆ, ಆಮೇಲೆ ದುಂಡಗೆ ಹಿಗ್ಗುತ್ತದೆ. ಅದು ಫೈಟೊಫ್ತೊರಾ ಕುಲದ ರೋಗಾಣು, ಸತತ ಮಳೆಯಲ್ಲಿ ಬೇಗ ಹರಡುತ್ತದೆ. ಕಲೆಯಿದ್ದ ಎಲೆ ಕತ್ತರಿಸಿ ದೂರ ಎಸೆಯಿರಿ. ಕುಂಡಗಳ ನಡುವೆ ಗಾಳಿಯಾಡಲಿ, ನೀರನ್ನು ಬುಡಕ್ಕೇ ಹಾಕಿ. ಮುಂದಿನ ಸಲಕ್ಕೆ ಮುಕ್ತಕೇಶಿ ತಳಿ ಸಿಕ್ಕರೆ ನೆಡಿ. ಕೇಂದ್ರ ಗೆಡ್ಡೆ ಬೆಳೆಗಳ ಸಂಶೋಧನಾ ಸಂಸ್ಥೆಯ ಭುವನೇಶ್ವರ ಕೇಂದ್ರದ ಈ ತಳಿ ಅಂಗಮಾರಿಯನ್ನು ತಡೆದುಕೊಳ್ಳುತ್ತದೆ.

ಇನ್ನೊಂದು ಮಾತು. ಎಲೆ ಕೊಯ್ಯುತ್ತಲೇ ಇದ್ದರೆ ಗಡ್ಡೆ ದಪ್ಪವಾಗುವುದಿಲ್ಲ. ಹಾಗಾಗಿ ಎಲೆಗೊಂದು, ಗಡ್ಡೆಗೊಂದು ಕುಂಡ ಇಟ್ಟುಕೊಳ್ಳಿ. ಗಡ್ಡೆಯ ಕುಂಡಕ್ಕೆ ಆಗಾಗ ಮಣ್ಣು ಏರಿಸಿ. ಆರೇಳು ತಿಂಗಳಿಗೆ ಎಲೆ ಹಳದಿಯಾಗಿ ಬಾಗಿದಾಗ ಅಗೆಯಿರಿ. ದೊಡ್ಡದನ್ನು ಹುಳಿಗೆ ಹಾಕಿ, ಸುತ್ತಲಿನ ಮರಿಗಡ್ಡೆಗಳನ್ನು ಮುಂದಿನ ಮಳೆಗಾಲದ ಬಿತ್ತನೆಗೆ ನೆರಳಲ್ಲಿ ಇಟ್ಟುಕೊಳ್ಳಿ.