ಓಪನ್ ಸೋರ್ಸ್ ಪ್ರಾಜೆಕ್ಟಲ್ಲಿ ಎಷ್ಟು ಫೀಚರ್ ಸೇರಿದ್ಮೇಲೆ ಹೊಸ ವರ್ಷನ್ ಬಿಡಬೇಕು?

ಅಯ್ಯೋ, "ಇನ್ನೆರಡು ಫೀಚರ್ ಸೇರ್ಲಿ, ಒಟ್ಟಿಗೆ 2.0 ಬಿಡೋಣ" ಅಂತ ನಾನೂ ಹನ್ನೊಂದು ತಿಂಗಳು ಕೂತಿದ್ದೆ.

ನಂದೊಂದು ಚಿಕ್ಕ ಪೈಥಾನ್ ಲೈಬ್ರರಿ, ಸಿಎಸ್‌ವಿ ಫೈಲಲ್ಲಿರೋ ತಾರೀಕುಗಳನ್ನ ಒಂದೇ ಥರ ಮಾಡಿ ಕೊಡುತ್ತೆ, ಅಷ್ಟೇ. 2023ರ ಮಾರ್ಚಲ್ಲಿ ಒಬ್ರು ಬಗ್ ಹಾಕಿದ್ರು, ಫೆಬ್ರವರಿ 29 ಇರೋ ಸಾಲನ್ನ ಎರರ್ರೂ ಕೊಡದೆ ನುಂಗಿಬಿಡುತ್ತೆ ಅಂತ. ಅವತ್ತು ರಾತ್ರಿನೇ ಸರಿ ಮಾಡ್ದೆ, ನಾಲ್ಕೇ ಸಾಲು, ಮೇನ್‌ಗೆ (ಪ್ರಾಜೆಕ್ಟಿನ ಮುಖ್ಯ ಕೋಡಿಗೆ) ಮರ್ಜ್ ಮಾಡಿ, ಅಂದ್ರೆ ಸೇರಿಸಿ, ಇಶ್ಯೂ (ಆ ಬಗ್ ದೂರು) ಕ್ಲೋಸ್ ಮಾಡಿ ಹಾಯಾಗಿ ಮಲಗಿದೆ.

ತಪ್ಪಾಗಿದ್ದು ಇಲ್ಲೇ. ನಾನು ಅದೇ ಮೇನ್ ಬ್ರ್ಯಾಂಚಲ್ಲಿ ಹಳೇ ಪಾರ್ಸರ್ (ತಾರೀಕು ಓದಿ ಬಿಡಿಸೋ ಕೋಡು) ಬಿಚ್ಚಿ ಹರಡ್ಕೊಂಡಿದ್ದೆ, ಹೊಸದು ಅರ್ಧ ಆಗಿತ್ತು, ಆ ನಾಲ್ಕು ಸಾಲು ಬರೆದಿದ್ದೂ ಹೊಸ ಪಾರ್ಸರ್ ಮೇಲೇನೇ. ಅಂದ್ರೆ ಫಿಕ್ಸ್ ಇದೆ, ಆದ್ರೆ ಬಿಡೋಕಾಗಲ್ಲ. ನನಗೆ ಮರ್ಜ್ ಆದ್ರೆ ಕೆಲಸ ಮುಗೀತು, ಬಳಸೋರಿಗೆ ಪಿಪ್ ಇನ್‌ಸ್ಟಾಲ್ (ಪೈಥಾನ್ ಲೈಬ್ರರಿ ಇಳಿಸ್ಕೊಳ್ಳೋ ಕಮಾಂಡು) ಮಾಡಿದ್ರೆ ಬರೋದು ಹಳೇ 1.4.1. ಪಾರ್ಸರ್ ಕೆಲಸನ ನಾನು ಬೇರೆ ಬ್ರ್ಯಾಂಚಲ್ಲಿ (ಕೋಡಿನ ಬೇರೆ ಕವಲಲ್ಲಿ) ಮಾಡಿದ್ದಿದ್ರೆ ಅವತ್ತೇ ಐದು ನಿಮಿಷದಲ್ಲಿ 1.4.2 ಹೋಗ್ತಿತ್ತು. ಐದೇ ನಿಮಿಷ! ಈಗ್ಲೂ ಹೊಟ್ಟೆ ಉರಿಯುತ್ತೆ.

2024 ಲೀಪ್ ವರ್ಷ. ಫೆಬ್ರವರಿ 29ಕ್ಕೆ ಅದೇ ಮನುಷ್ಯ ಅದೇ ಇಶ್ಯೂ ಕೆಳಗೆ ಬರೆದ್ರು: "ಕ್ಲೋಸ್ ಅಂತ ಇದೆ, ನನ್ನ ಇವತ್ತಿನ ಡೇಟಾ ಎಲ್ಲಿ?" ವರ್ಷಗಟ್ಟಲೆ ಮುಂಚೆ ಕ್ಯಾಲೆಂಡರಲ್ಲಿ ಗೊತ್ತಿರೋ ದಿನ ಕಣ್ರೀ ಅದು. ಗಡಿಬಿಡಿಲಿ ಹಳೇ ಟ್ಯಾಗಿಂದ (1.4.1 ಅಂತ ಗುರುತು ಹಾಕಿದ್ದ ಕೋಡಿಂದ) ಬ್ರ್ಯಾಂಚ್ ತೆಗೆದು ಚೆರ್ರಿ ಪಿಕ್ ಮಾಡಿದ್ರೆ, ಅಂದ್ರೆ ಆ ಫಿಕ್ಸ್ ಒಂದನ್ನೇ ಎತ್ತಿ ತಂದ್ರೆ, ಬರೀ ಕಾನ್‌ಫ್ಲಿಕ್ಟು (ಹಳೇ ಕೋಡಿಗೆ ಹೊಂದಲ್ಲ), ರಾತ್ರಿ ಒಂದಕ್ಕೆ 1.4.2 ಪೈಪಿಐಗೆ (ಪಿಪ್ ಲೈಬ್ರರಿ ತರೋ ಸೈಟಿಗೆ) ಹಾಕ್ದೆ, ಒಂದು ಫೈಲೇ ಪ್ಯಾಕೇಜಿಗೆ ಸೇರಿಲ್ಲ, ಇಂಪೋರ್ಟೇ ಆಗಲ್ಲ. ಡಿಲೀಟ್ ಮಾಡಿ ಅದೇ ಹೆಸರಿನ ಫೈಲ್ ಮತ್ತೆ ಹಾಕೋಣ ಅಂದ್ರೆ ಪೈಪಿಐ ಬಿಡಲ್ಲ. ಬೆಳಗಿನ ಜಾವ 1.4.3.

ಅದಕ್ಕೇ ಹೇಳ್ತೀನಿ, "ಎಷ್ಟು ಫೀಚರ್" ಅನ್ನೋ ಲೆಕ್ಕನೇ ಬಿಡಿ. ಲಿನಕ್ಸ್ ಕರ್ನಲ್ ನೋಡಿ, ಎರಡು ವಾರ ಮರ್ಜ್ ವಿಂಡೋ (ಹೊಸ ಫೀಚರ್ ಸೇರಿಸೋ ಅವಧಿ), ಆಮೇಲೆ ವಾರಕ್ಕೊಂದು ಆರ್‌ಸಿ (ಪರೀಕ್ಷೆಗೆ ಬಿಡೋ ಆವೃತ್ತಿ), 9-10 ವಾರಕ್ಕೆ ರಿಲೀಸ್, ನಿಮ್ಮ ಫೀಚರ್ ತಪ್ಪಿಸ್ಕೊಂಡ್ರೆ ಮುಂದಿನ ಬಸ್ಸು. "ರೆಡಿ ಆದಾಗ ಬಿಡ್ತೀವಿ" ಅನ್ನೋ ಡೆಬಿಯನ್‌ಗೆ (ಅದೂ ಲಿನಕ್ಸ್ ಆಪರೇಟಿಂಗ್ ಸಿಸ್ಟಮ್ಮೇ) 3.0ರಿಂದ 3.1ಕ್ಕೆ ಬರೋಕೆ 2002ರಿಂದ 2005 ಆಯ್ತು, ಅವರಿಗೆ ಜನಬಲ ಇದೆ, ನಡೆಯುತ್ತೆ. ನೀವು ಒಬ್ರೇ ಅಲ್ವಾ?

ನಾನೀಗ ತಿಂಗಳ ಮೊದಲ ಶನಿವಾರ ಮೇನಲ್ಲಿ ಏನಿದೆಯೋ ಅದನ್ನ ಬಿಡ್ತೀನಿ, ಏನೂ ಇಲ್ದಿದ್ರೆ ಇಲ್ಲ. ಡೇಟಾ ಹಾಳುಮಾಡೋ ಬಗ್ ಆದ್ರೆ ಶನಿವಾರಕ್ಕೂ ಕಾಯಲ್ಲ. ರಿಲೀಸ್ ಆಗೋವರೆಗೂ ಇಶ್ಯೂ ಕ್ಲೋಸ್ ಮಾಡಲ್ಲ.

ಆ 2.0 ಇನ್ನೂ ಬಂದಿಲ್ಲ. ಹೊಸ ಪಾರ್ಸರ್ 1.7ರಲ್ಲಿ ಹೋಯ್ತು, ಯಾರೂ ಗಮನಿಸ್ಲೂ ಇಲ್ಲ.