ಅಂಕೋಲೆಯ ತಮ್ಮನಿಗೆ ಡ್ರೆಸ್ಡೆನ್‌ನಿಂದ: ಕಾಂತಕ್ಷೇತ್ರದಲ್ಲಿ ಲೋಹ ಪಳಗಿಸುವವರ ಊರುಗಳು

ತಮ್ಮಾ,

ನೀನು ಕೇಳಿದ್ದನ್ನು ಮೊದಲು ಬರೆದುಬಿಡುತ್ತೇನೆ. ಇದೇ ಪ್ರಶ್ನೆ ತಲೆಯಲ್ಲಿಟ್ಟುಕೊಂಡ ಬೇರೆ ಹುಡುಗ ಹುಡುಗಿಯರೂ ಓದಿಕೊಳ್ಳಲಿ. ನೀನು ಸುರತ್ಕಲ್‌ನಲ್ಲಿ ಮೆಟಲರ್ಜಿ ಎಂ.ಟೆಕ್. ಮುಗಿಸಿದ್ದೀಯ. ಕರಗಿದ ಲೋಹವನ್ನು ಮುಟ್ಟದೆಯೇ ಕಾಂತಕ್ಷೇತ್ರದಿಂದ ಕಲಕುವ, ತಡೆಯುವ, ಗಾಳಿಯಲ್ಲಿ ತೇಲಿಸುವ ವಿದ್ಯೆಯಲ್ಲಿ ಪಿಎಚ್‌ಡಿ ಮಾಡಬೇಕೆಂದಿದೆ. ಇಂಗ್ಲಿಷ್ ದೇಶವೊಂದರ ಮಹಾನಗರದಲ್ಲಿ, ದೊಡ್ಡ ಹೆಸರಿನ ವಿಶ್ವವಿದ್ಯಾಲಯ ಸೀಟು ಕೊಟ್ಟಿದೆ, ವಿಷಯ ಮಾತ್ರ ಗೊತ್ತುಮಾಡಿಲ್ಲ. ಜರ್ಮನಿಯ ಒಂದು ಪ್ರಯೋಗಾಲಯ ನೇರವಾಗಿ ಇದೇ ವಿಷಯಕ್ಕೆ ಕರೆದಿದೆ. ಮನೆಯಲ್ಲಿ ಅಪ್ಪ, ಅಮ್ಮ ‘ನಮ್ಮವರು ಜಾಸ್ತಿ ಇರೋ ಕಡೆ ಹೋಗು’ ಎನ್ನುತ್ತಿದ್ದಾರೆ. ಈ ವಿಷಯದ ತಜ್ಞರು ಎಲ್ಲಿದ್ದಾರೆ, ಅಲ್ಲಿ ಬದುಕು ಹೇಗೆ, ಮುಂದೆ ಹೊಟ್ಟೆಪಾಡಿಗೆ ದಾರಿ ಇದೆಯಾ ಎಂದು ಕೇಳಿದ್ದೀಯ.

ನಾನು ಶಿರಸಿ ಕಡೆಯವಳು. ಡ್ರೆಸ್ಡೆನ್‌ನಲ್ಲಿ ನೆಲೆಸಿ ಬಹಳ ವರ್ಷವಾಯಿತು, ಮಕ್ಕಳು ಇಲ್ಲೇ ಶಾಲೆಗೆ ಹೋಗುತ್ತಾರೆ. ಎರಕದ ಕಾರ್ಖಾನೆಗಳಿಗೆ ಕಾಯಿಲ್, ಅಂದರೆ ವಿದ್ಯುತ್ ಹರಿಸಿ ಕಾಂತಕ್ಷೇತ್ರ ಹುಟ್ಟಿಸುವ ಸುರುಳಿ, ವಿನ್ಯಾಸ ಮಾಡುವುದು ನನ್ನ ಕೆಲಸ. ನನ್ನ ಉತ್ತರ ನೇರವಾಗಿದೆ: ನೀನು ಹೋಗಬೇಕಾದದ್ದು ಕಲಿಸುವವರು ಇರುವಲ್ಲಿಗೆ. ಬೇರೆ ಓದಿಗೆ ನಾನು ಹೀಗೆ ಹೇಳುತ್ತಿರಲಿಲ್ಲ. ಕಂಪ್ಯೂಟರ್ ಸೈನ್ಸ್ ಆಗಿದ್ದರೆ ಒಳ್ಳೆಯ ಊರು ನೋಡಿಕೊಂಡು ಹೋಗು ಎಂದೇ ಅನ್ನುತ್ತಿದ್ದೆ. ಈ ವಿದ್ಯೆ ಬಲ್ಲವರು ಜಗತ್ತಿನಲ್ಲೇ ಕಡಿಮೆ, ಅವರಿರುವ ಊರುಗಳೂ ಕೆಲವೇ.

ಎಣಿಸುತ್ತೇನೆ ಕೇಳು. ಫ್ರಾನ್ಸಿನ ಗ್ರೆನೋಬಲ್, ಸುತ್ತ ಆಲ್ಪ್ಸ್ ಬೆಟ್ಟ. ರೆನೆ ಮೋರೋ ಅವರು ಕಟ್ಟಿಬೆಳೆಸಿದ ಪರಂಪರೆ ಅಲ್ಲಿ ಇಂದಿಗೂ ಇದೆ. ಜಪಾನಿನ ನಗೋಯಾದಲ್ಲಿ ಈ ವಿದ್ಯೆಯನ್ನು ಬೆಳೆಸಿದವರು ಶಿಗೆಒ ಅಸಾಯಿ. ಈ ಕ್ಷೇತ್ರಕ್ಕೇ ಮೀಸಲಾದ ಅಂತಾರಾಷ್ಟ್ರೀಯ ಸಮ್ಮೇಳನಗಳ ಸಾಲು 1994ರಲ್ಲಿ ಅದೇ ಊರಿನಿಂದ ಶುರುವಾಯಿತು. ಅದಕ್ಕೂ ಮೊದಲು, 1982ರಲ್ಲಿ, ಲೋಹಶಾಸ್ತ್ರದವರೂ ಹರಿವಿನ ಗಣಿತದವರೂ ಕೇಂಬ್ರಿಡ್ಜ್‌ನಲ್ಲಿ ಒಂದೇ ಕಡೆ ಕೂತು ಮಾತಾಡಿದ್ದರು. ಲಾಟ್ವಿಯಾದ ರಿಗಾ ಪಕ್ಕದ ಸಲಾಸ್ಪಿಲ್ಸ್‌ನಲ್ಲಿ ಸೋವಿಯತ್ ಕಾಲದಿಂದ ನಡೆದುಬಂದ ಭೌತವಿಜ್ಞಾನ ಸಂಸ್ಥೆಯಿದೆ. ವಿದ್ಯುತ್ ಹಾಯಬಲ್ಲ ದ್ರವಗಳು ಕಾಂತಕ್ಷೇತ್ರದಲ್ಲಿ ಹೇಗೆ ಹರಿಯುತ್ತವೆ ಎಂಬ ವಿಜ್ಞಾನಕ್ಕೆ, ಅಂದರೆ ಮ್ಯಾಗ್ನೆಟೋಹೈಡ್ರೋಡೈನಾಮಿಕ್ಸ್‌ಗೆ ಮೀಸಲಾದ ಪತ್ರಿಕೆಯನ್ನು ಲಾಟ್ವಿಯಾದವರು 1965ರಿಂದ ಹೊರತರುತ್ತಿದ್ದಾರೆ. 1999ರ ನವೆಂಬರ್‌ನಲ್ಲಿ ಆಗ್ರಿಸ್ ಗೈಲೈಟಿಸ್ ಮತ್ತು ಸಂಗಡಿಗರು ಅಲ್ಲಿ ಕರಗಿದ ಸೋಡಿಯಂ ಅನ್ನು ಸುರುಳಿಯಾಗಿ ಹರಿಸಿ, ಆ ಹರಿವಿನಿಂದಲೇ ಕಾಂತಕ್ಷೇತ್ರ ತಾನಾಗಿ ಬೆಳೆಯುವುದನ್ನು ತೋರಿಸಿದರು. ಭೂಮಿಯ ಗರ್ಭದಲ್ಲಿ ನಡೆಯುವ ಕ್ರಿಯೆಯನ್ನು ಕೋಣೆಯೊಳಗೆ ಕಂಡಂತಾಯಿತು. ನಮ್ಮ ಡ್ರೆಸ್ಡೆನ್ ಹೊರವಲಯದ ರೋಸೆಂಡಾರ್ಫ್‌ನ ವಿಜ್ಞಾನಿಗಳೂ ಅದರಲ್ಲಿ ಕೈಜೋಡಿಸಿದ್ದರು. ಹ್ಯಾನೋವರ್‌ನಲ್ಲಿ ಬೆಂಕಿಯಿಲ್ಲದೆ ಕಾಂತಕ್ಷೇತ್ರದಿಂದಲೇ ಲೋಹ ಕರಗಿಸುವ ಇಂಡಕ್ಷನ್ ಕುಲುಮೆ ಬಲ್ಲವರು, ಇಲ್ಮೆನಾವ್ ಎಂಬ ಪುಟ್ಟ ಊರಿನಲ್ಲಿ ಹರಿಯುವ ಲೋಹದ ವೇಗವನ್ನು ಹೊರಗಿನಿಂದಲೇ ಅಳೆಯುವವರು, ಲಂಡನ್ನಿನ ಗ್ರೀನ್‌ವಿಚ್ ವಿಶ್ವವಿದ್ಯಾಲಯದಲ್ಲಿ ವಿದ್ಯುತ್ ಹರಿಸಿ ಅಲ್ಯೂಮಿನಿಯಂ ತೆಗೆಯುವ ಕೋಶಗಳ ಲೆಕ್ಕ ಹಾಕುವವರು, ಚೀನಾದ ಶೆನ್ಯಾಂಗ್ ಮತ್ತು ಶಾಂಘೈಯಲ್ಲಿ ದೊಡ್ಡ ಗುಂಪುಗಳು. ಉಪಕರಣ ತಯಾರಿಕೆಗೆ ಬಂದರೆ ಸ್ವೀಡನ್‌ನ ವೆಸ್ಟರೋಸ್‌ನಲ್ಲಿರುವ ಎಬಿಬಿ ಕಂಪನಿ. ಇನ್ನೂ ಕೆಲವು ಊರು ಸೇರಿಸಬಹುದು, ಆದರೆ ಪಟ್ಟಿ ಬಹಳ ಬೆಳೆಯುವುದಿಲ್ಲ.

ಇಷ್ಟು ಚಿಕ್ಕ ಲೋಕವಾದ್ದರಿಂದ ಒಂದು ಒಳ್ಳೆಯದಿದೆ. ಇವರೆಲ್ಲ ಒಬ್ಬರನ್ನೊಬ್ಬರು ಬಲ್ಲರು. ಒಂದು ಕಡೆ ಮನಸ್ಸಿಟ್ಟು ಕೆಲಸ ಮಾಡಿದರೆ ಇನ್ನೊಂದು ಕಡೆಯ ಬಾಗಿಲು ತೆರೆಯುತ್ತದೆ. ಅವರ ಪ್ರಬಂಧವನ್ನು ನಿಜವಾಗಿ ಓದಿ ಒಂದು ಸರಿಯಾದ ಪ್ರಶ್ನೆ ಕೇಳಿ ಇಮೇಲ್ ಬರೆ, ಹಿರಿಯ ಪ್ರೊಫೆಸರರೂ ಉತ್ತರ ಕೊಡುತ್ತಾರೆ. ‘ಗೌರವಾನ್ವಿತರೇ, ನಿಮ್ಮ ಘನ ಸಂಸ್ಥೆಯಲ್ಲಿ’ ಎಂದು ನೂರು ಜನರಿಗೆ ಒಂದೇ ಅರ್ಜಿ ಕಳಿಸಿದರೆ ಯಾರೂ ಓದುವುದಿಲ್ಲ.

ಗುರುವಿನ ಪಕ್ಕ ನಿಂತೇ ಕಲಿಯಬೇಕು ಎಂದು ನಾನು ಇಷ್ಟು ಒತ್ತಿ ಹೇಳುವುದಕ್ಕೆ ಕಾರಣವಿದೆ. ಕರಗಿದ ಉಕ್ಕು 1500 ಡಿಗ್ರಿ ಆಸುಪಾಸು ಇರುತ್ತದೆ, ಒಳಗೆ ಏನು ನಡೆಯುತ್ತಿದೆ ಎಂದು ಕಣ್ಣಿಗೆ ಕಾಣುವುದಿಲ್ಲ. ನೀರಿನ ಹರಿವಿಗೆ ಬಣ್ಣ ಬಿಟ್ಟು ನೋಡಬಹುದು, ಉಕ್ಕಿಗೆ ಏನು ಬಿಡುತ್ತೀಯ? ಅದಕ್ಕೇ ರೋಸೆಂಡಾರ್ಫ್‌ನಲ್ಲಿ ಉಕ್ಕಿನ ಬದಲು ಗ್ಯಾಲಿಯಂ, ಇಂಡಿಯಂ, ತವರ ಬೆರೆಸಿದ ಮಿಶ್ರಲೋಹ ಬಳಸುತ್ತಾರೆ. ಅದು ಕೋಣೆಯ ಬಿಸಿಯಲ್ಲೇ ದ್ರವ. ಅಲ್ಟ್ರಾಸೌಂಡ್ ಹಾಯಿಸಿ ಅದರ ವೇಗ ಅಳೆಯುತ್ತಾರೆ. ಅಚ್ಚಿನೊಳಗೆ ಸುರಿಯುವ ಧಾರೆಗೆ ಕಾಂತಕ್ಷೇತ್ರದ ತಡೆ ಹಾಕಿದಾಗ ಅದು ಎಲ್ಲಿ ನಿಧಾನವಾಗುತ್ತದೆ, ಎಲ್ಲಿ ಬೇಡದ ಕಡೆ ಸುಳಿಯೇಳುತ್ತದೆ ಎಂದು ಹೀಗೆ ತಿಳಿಯುತ್ತದೆ. ಆ ಮಿಶ್ರಲೋಹದ ಒಂದು ಹನಿ ಅಲ್ಯೂಮಿನಿಯಂ ಮೇಲೆ ಬಿದ್ದರೆ ಗ್ಯಾಲಿಯಂ ಒಳಗಿಳಿದು ಅದನ್ನು ಪುಡಿಪುಡಿ ಮಾಡುತ್ತದೆ. ಅಂಥ ಟೇಬಲ್ ಮೇಲೆ ಏನು ಇಡಬೇಕು, ಏನು ಇಡಬಾರದು ಎಂಬುದು ಮೈಗೆ ಹತ್ತಬೇಕು.

ಗಣಿತ ನಿನಗೆ ಬರುತ್ತದೆ. ಆವರ್ತನ ಏರಿದಷ್ಟೂ ಕಾಂತಕ್ಷೇತ್ರ ಲೋಹದ ಮೈಮೇಲೆಯೇ ನಿಲ್ಲುತ್ತದೆ: 50 ಹರ್ಟ್ಸ್‌ನಲ್ಲಿ ತಾಮ್ರದೊಳಗೆ ಸುಮಾರು 9 ಮಿಲಿಮೀಟರ್ ಇಳಿದರೆ, 5000 ಹರ್ಟ್ಸ್‌ನಲ್ಲಿ ಅದರ ಹತ್ತನೆಯ ಒಂದು ಪಾಲು ಮಾತ್ರ. ಕಲಕಬೇಕಾದರೆ ಕಡಿಮೆ ಆವರ್ತನ, ಮೇಲ್ಮೈ ಕಾಯಿಸಬೇಕಾದರೆ ಹೆಚ್ಚು. ಇಷ್ಟನ್ನು ಯಾವ ಪುಸ್ತಕವಾದರೂ ಹೇಳುತ್ತದೆ. ಟೈಟೇನಿಯಂ ತನ್ನನ್ನು ಹಿಡಿದ ಮೂಸೆಯನ್ನೇ ತಿನ್ನುತ್ತದೆ ಎಂದು, ಒಳಗೆ ನೀರು ಹರಿಯುವ ತಾಮ್ರದ ತುಂಡುಗಳನ್ನು ಜೋಡಿಸಿ ತಣ್ಣನೆಯ ಮೂಸೆ ಮಾಡಿ ಅದರಲ್ಲಿ ಕರಗಿಸುತ್ತಾರೆ. ಇದನ್ನೂ ಓದಿ ತಿಳಿಯಬಹುದು. ಆದರೆ ಕಾಯಿಲ್‌ನ ಸದ್ದು ಬದಲಾದಾಗ ಕೈ ಸ್ವಿಚ್ಚಿಗೆ ಹೋಗುವುದು, ಎರಕ ಸೀಳಿ ನೋಡಿದಾಗ ಉದ್ದುದ್ದ ಹರಳು ಮುರಿದು ಸಣ್ಣ ಸಮ ಹರಳಾಗಿದೆ ಎಂದು ಗುರುತು ಹಿಡಿಯುವುದು, ಇವೆಲ್ಲ ಬಲ್ಲವರ ಪಕ್ಕ ನಿಂತವರಿಗೆ ಬರುತ್ತವೆ. ನಮ್ಮ ಆಲೆಮನೆಯಲ್ಲಿ ಕೊಪ್ಪರಿಗೆ ಇಳಿಸುವ ಹದ ಯಾರಾದರೂ ಬರೆದು ಕಲಿಸಿದ್ದಾರೆಯೇ? ಪಾಕ ನೋಡುವವರ ಜೊತೆ ಹೊಗೆಯಲ್ಲಿ ನಿಂತವರಿಗಷ್ಟೇ ಗೊತ್ತು.

ಒಂದು ಸಣ್ಣ ವಿಷಯ, ಮರೆಯಬೇಡ. ನಮ್ಮ ಕರಾವಳಿಯ ಗಂಡುಮಕ್ಕಳು ಸೊಂಟಕ್ಕೆ ಬೆಳ್ಳಿ ಉಡಿದಾರ ಹಾಕುತ್ತಾರಲ್ಲ, ಅದನ್ನು ಕಾಯಿಲ್ ಹತ್ತಿರ ಹೋಗುವ ಮೊದಲೇ ತೆಗೆದಿಡಬೇಕು. ಮುಚ್ಚಿದ ಲೋಹದ ಬಳೆಯಲ್ಲೆಲ್ಲ ವಿದ್ಯುತ್ ಹರಿದು ಕಾಯುತ್ತದೆ, ಚರ್ಮ ಸುಡುತ್ತದೆ. ನಾನು ಕೈಬಳೆ, ಉಂಗುರ, ಕರಿಮಣಿ ತೆಗೆದಿಟ್ಟೇ ಒಳಗೆ ಹೋಗುವುದು. ಅಮ್ಮನಿಗೆ ಇದನ್ನು ಮೊದಲೇ ಹೇಳಿ ಬಾ, ಆಮೇಲೆ ಫೋಟೋ ನೋಡಿ ನೊಂದುಕೊಳ್ಳುವುದು ಬೇಡ.

ಈಗ ಬದುಕಿನ ಮಾತು. ಸಂಬಳ ನಿನ್ನ ಲೆಕ್ಕಕ್ಕಿಂತ ಕಡಿಮೆ ಕೈಗೆ ಬರುತ್ತದೆ. ಇಲ್ಲಿ ಪಿಎಚ್‌ಡಿ ವಿದ್ಯಾರ್ಥಿಗೆ ಕೊಡುವುದು ನೌಕರಿಯ ಒಪ್ಪಂದ, ಆದರೆ ಅನೇಕ ಕಡೆ ಪೂರ್ಣ ವೇತನವಲ್ಲ: ಅರ್ಧ, ಮೂರರಲ್ಲಿ ಎರಡು ಪಾಲು, ಇಲ್ಲವೇ ಮುಕ್ಕಾಲು. ಅದರಲ್ಲಿ ತೆರಿಗೆ, ಆರೋಗ್ಯ ವಿಮೆ, ಪಿಂಚಣಿ ಕಳೆಯುತ್ತಾರೆ. ಒಬ್ಬನಿಗೆ ನೆಮ್ಮದಿಯಾಗಿ ಸಾಕು. ಮನೆಗೆ ತಿಂಗಳು ತಿಂಗಳು ದೊಡ್ಡ ಮೊತ್ತ ಕಳಿಸುತ್ತೇನೆ ಎಂದು ಅಪ್ಪನಿಗೆ ಮಾತು ಕೊಡಬೇಡ. ಮನೆ ಹೊಕ್ಕ ಎರಡು ವಾರದೊಳಗೆ ನಗರ ಕಚೇರಿಯಲ್ಲಿ ಹೆಸರು ನೋಂದಾಯಿಸಲೇಬೇಕು, ಬ್ಯಾಂಕು ಮತ್ತು ತೆರಿಗೆಯ ಕೆಲಸಗಳೆಲ್ಲ ಅದರ ಹಿಂದೆಯೇ. ಟಿವಿ ಇರಲಿ ಬಿಡಲಿ, ಪ್ರತಿ ಮನೆಗೂ ಪ್ರಸಾರ ಶುಲ್ಕದ ಚೀಟಿ ಬರುತ್ತದೆ. ಅದು ಮೋಸವಲ್ಲ, ಕಟ್ಟಬೇಕು. ಭಾನುವಾರ ಅಂಗಡಿ ಮುಚ್ಚಿರುತ್ತವೆ.

ಭಾಷೆಯ ಬಗ್ಗೆ ‘ಲ್ಯಾಬಿನಲ್ಲಿ ಎಲ್ಲರೂ ಇಂಗ್ಲಿಷ್ ಮಾತಾಡುತ್ತಾರಂತೆ’ ಎಂದು ಬರೆದಿದ್ದೀಯ. ವಿಜ್ಞಾನಿಗಳು ಮಾತಾಡುತ್ತಾರೆ. ಆದರೆ ನಿನ್ನ ಕಾಯಿಲ್ ಸುತ್ತಿಕೊಡುವ, ಪೈಪು ಬೆಸೆಯುವ, ಕುಲುಮೆಯನ್ನು ಬದುಕಿಸಿಡುವ ತಂತ್ರಜ್ಞರು ಊಟದ ಹೊತ್ತಿನಲ್ಲಿ ಮಾತಾಡುವುದು ಸ್ಯಾಕ್ಸನಿಯ ಜರ್ಮನ್. ಪ್ರಯೋಗ ನಿಲ್ಲುವುದೂ ನಡೆಯುವುದೂ ಅವರ ಕೈಯಲ್ಲಿ. ನೀನು ಮನೆಯಲ್ಲಿ ಕೊಂಕಣಿ, ಬೀದಿಯಲ್ಲಿ ಕನ್ನಡ, ಕಾಲೇಜಿನಲ್ಲಿ ಇಂಗ್ಲಿಷ್ ಆಡಿ ಬೆಳೆದವನು. ಇನ್ನೊಂದು ಭಾಷೆ ನಿನಗೆ ಭಾರವಾಗದು. ಊರಿನಲ್ಲೇ ಇರುವಾಗ ಆನ್‌ಲೈನ್ ಪಾಠ ಶುರುಮಾಡು, ವೀಸಾ ಬರಲೆಂದು ಕಾಯಬೇಡ.

ಚಳಿಗಿಂತ ಕತ್ತಲೆ ಕಷ್ಟ. ಡಿಸೆಂಬರ್‌ನಲ್ಲಿ ಇಲ್ಲಿ ಸಂಜೆ ನಾಲ್ಕಕ್ಕೆಲ್ಲ ಸೂರ್ಯ ಮುಳುಗುತ್ತಾನೆ, ರಿಗಾದಲ್ಲಿ ಆ ತಿಂಗಳ ನಡುವೆ ಹಗಲು ಏಳು ಗಂಟೆಯೂ ಇರುವುದಿಲ್ಲ. ಮಳೆಗಾಲದ ಮೋಡ ಕಂಡ ನಮಗೆ ಇದೇನು ಮಹಾ ಅನ್ನಿಸುತ್ತದೆ, ಆದರೆ ನಮ್ಮ ಮಳೆಗಾಲಕ್ಕೆ ಸದ್ದಿದೆ, ಹಸಿರಿದೆ. ಮಧ್ಯಾಹ್ನ ಅರ್ಧ ಗಂಟೆ ಹೊರಗೆ ನಡೆಯುವುದನ್ನು ಊಟದಷ್ಟೇ ಕಡ್ಡಾಯ ಮಾಡಿಕೋ. ಮನಸ್ಸು ಕುಗ್ಗಿದರೆ ವೈದ್ಯರ ಹತ್ತಿರ ಹೋಗು, ವಿಮೆ ಇರುವುದೇ ಅದಕ್ಕೆ.

ಮೀನು ಕೇಳಿದ್ದೀಯ. ತಾಜಾ ಬಂಗಡೆ, ತಾರ್ಲೆ ಡ್ರೆಸ್ಡೆನ್‌ನಲ್ಲಿ ಮರೆತುಬಿಡು, ಸಮುದ್ರ ಬಹಳ ದೂರ. ಹೊಗೆಯಲ್ಲಿ ಬೇಯಿಸಿದ ಬಂಗಡೆ ಸಿಗುತ್ತದಂತೆ, ನಾನು ತಿನ್ನುವವಳಲ್ಲ. ರಿಗಾದ ಕೇಂದ್ರ ಮಾರುಕಟ್ಟೆಯಲ್ಲಿ, ಹಳೆಯ ಜೆಪ್ಲಿನ್ ಹ್ಯಾಂಗರ್ ಬಳಸಿ ಕಟ್ಟಿದ ಮಳಿಗೆಗಳಲ್ಲಿ, ಮೀನಿಗೇ ಒಂದು ಇಡೀ ಮಳಿಗೆಯಿದೆ. ಸಮ್ಮೇಳನಕ್ಕೆ ಹೋದರೆ ನೀನು ನೋಡಲೇಬೇಕು. ಊರಿನಿಂದ ತರುವಾಗ ನೆನಪಿಡು: ಪ್ರಯಾಣಿಕರ ಸಾಮಾನಿನಲ್ಲಿ ಹಾಲಿನ ಪದಾರ್ಥಕ್ಕೂ ಮಾಂಸಕ್ಕೂ ಐರೋಪ್ಯ ಒಕ್ಕೂಟದಲ್ಲಿ ಪ್ರವೇಶವಿಲ್ಲ, ಅಮ್ಮ ಕಟ್ಟಿಕೊಟ್ಟ ತುಪ್ಪ ವಿಮಾನ ನಿಲ್ದಾಣದಲ್ಲೇ ಹೋಗುತ್ತದೆ. ಒಣಮೀನು ಸ್ವಂತಕ್ಕೆಂದು ತರಬಹುದು. ಮುರುಗಲು ಸಿಪ್ಪೆ ತಾ, ಇಲ್ಲಿ ಸಿಗುವುದು ಅಪರೂಪ. ಕುಚ್ಚಲಕ್ಕಿ ಹೊತ್ತು ತರಬೇಡ, ಜರ್ಮನಿಯ ಶ್ರೀಲಂಕಾ ತಮಿಳರ ಅಂಗಡಿಗಳಲ್ಲಿ ಕೆಂಪು ಕುಚ್ಚಲಕ್ಕಿ ಸಿಗುತ್ತದೆ.

ನಮ್ಮವರು ಇಲ್ಲಿ ಕಡಿಮೆ, ನಿಜ. ಆದರೆ ಯುಗಾದಿಗೆ, ದೀಪಾವಳಿಗೆ ಸೇರುತ್ತೇವೆ, ಕಾಯಿಲೆ ಬಿದ್ದರೆ ಗಂಜಿ ತಂದುಕೊಡುವವರಿದ್ದಾರೆ. ಒಪ್ಪಂದದಲ್ಲಿ ಸಾಮಾನ್ಯವಾಗಿ ವರ್ಷಕ್ಕೆ 30 ದಿನ ರಜೆ ಇರುತ್ತದೆ, ಅದನ್ನು ಪೂರ್ತಿ ತೆಗೆದುಕೊಂಡರೆ ಯಾರೂ ಮುಖ ಗಂಟಿಕ್ಕುವುದಿಲ್ಲ. ಅಂಕೋಲೆಯ ಬಂಡಿಹಬ್ಬಕ್ಕೆ ಹೋಗಬೇಕೆಂದರೆ ವರ್ಷದ ಆರಂಭದಲ್ಲೇ ದಿನ ಬರೆಸಿಬಿಡು.

ಇನ್ನು ಹೊಟ್ಟೆಪಾಡು. ವಿಷಯ ಕಿರಿದು, ಉಪಯೋಗ ಕಿರಿದಲ್ಲ. ನಿರಂತರ ಎರಕ, ಅಂದರೆ ಕರಗಿದ ಉಕ್ಕನ್ನು ಬಿಡದೆ ಸುರಿದು ಎರಕ ಹೊಯ್ಯುವ ಪದ್ಧತಿ, ಇರುವ ಉಕ್ಕಿನ ಕಾರ್ಖಾನೆಗಳಿಗೆ, ಅಲ್ಯೂಮಿನಿಯಂ ತೆಗೆಯುವಲ್ಲಿಗೆ, ಸಿಲಿಕಾನ್ ಹರಳು ಬೆಳೆಸುವಲ್ಲಿಗೆ ಇದನ್ನು ಬಲ್ಲವರು ಬೇಕು. ತಿರುಗಿ ಬರುವ ಮನಸ್ಸಿದ್ದರೂ ದಾರಿಯಿದೆ. ಘಟ್ಟ ಹತ್ತಿದರೆ ಬೆಳಗಾವಿ, ಅಲ್ಲಿ ಇಂಡಕ್ಷನ್ ಕುಲುಮೆ ಇಟ್ಟುಕೊಂಡ ಫೌಂಡ್ರಿಗಳು ಎಷ್ಟಿವೆ ನೋಡು. ಬಳ್ಳಾರಿ ಸೀಮೆಯ ತೋರಣಗಲ್ಲಿನಲ್ಲಿ ದೊಡ್ಡ ಉಕ್ಕಿನ ಕಾರ್ಖಾನೆಯಿದೆ. ನಿಮ್ಮ ಹತ್ತಿರದ ಕೈಗಾ ಭಾರಜಲ ಬಳಸುವ ಅಣುವಿದ್ಯುತ್ ಸ್ಥಾವರ, ಅಲ್ಲಿ ಈ ವಿದ್ಯೆಗೆ ಹೆಚ್ಚು ಕೆಲಸವಿಲ್ಲ. ಆದರೆ ಕಲ್ಪಾಕ್ಕಂನ ಫಾಸ್ಟ್ ಬ್ರೀಡರ್ ರಿಯಾಕ್ಟರ್‌ಗಳಲ್ಲಿ ಶಾಖ ಒಯ್ಯುವುದು ಕರಗಿದ ಸೋಡಿಯಂ, ಅಂಥಲ್ಲಿ ವಿದ್ಯುತ್ಕಾಂತೀಯ ಪಂಪು ಬಲ್ಲವರಿಗೆ ಬೆಲೆಯಿದೆ. ನಮ್ಮ ಫೌಂಡ್ರಿಗಳಲ್ಲಿ ಕಾಯಿಲ್ ಸರಿಪಡಿಸಿ ವಿದ್ಯುತ್ ಉಳಿಸಿಕೊಡುವ ಒಬ್ಬ ಹುಡುಗ ನಮ್ಮ ಜಿಲ್ಲೆಯಿಂದಲೇ ಬಂದರೆ ಎಂದು ನನಗೆ ಆಸೆಯಿದೆ. ನಿನ್ನ ಮೇಲೆ ಹೊರಿಸುತ್ತಿಲ್ಲ, ಆಸೆ ಅಷ್ಟೇ.

ಸಹಿ ಹಾಕುವ ಮೊದಲು ಆ ಪ್ರಯೋಗಾಲಯಕ್ಕೆ ಬರೆದು ಕೇಳು: ಕುಲುಮೆಯ ಮೇಲೆ ನಿನಗೆ ವಾರಕ್ಕೆ ಎಷ್ಟು ದಿನ ಸಿಗುತ್ತದೆ, ದಿನನಿತ್ಯ ನಿನ್ನ ಜೊತೆ ನಿಂತು ಕಲಿಸುವವರು ಪ್ರೊಫೆಸರರೋ ಬೇರೆಯವರೋ, ಹಣ ಮೂರು ವರ್ಷಕ್ಕೆ ಖಾತ್ರಿಯೋ ಅಥವಾ ವರ್ಷವರ್ಷ ನವೀಕರಿಸಬೇಕೋ. ಈಗ ಅಲ್ಲಿ ಓದುತ್ತಿರುವ ಒಬ್ಬರ ಜೊತೆ ಮಾತಾಡಲು ಅವಕಾಶ ಕೇಳು, ಒಳ್ಳೆಯ ಗುಂಪಿನವರು ಸಂತೋಷದಿಂದ ಕೊಡುತ್ತಾರೆ. ಒಪ್ಪಂದದ ಕಾಗದ ಜರ್ಮನ್‌ನಲ್ಲಿದ್ದರೆ ನನಗೆ ಕಳಿಸು, ಸಾಲುಸಾಲು ಓದಿ ಏನಿದೆ ಎಂದು ಹೇಳುತ್ತೇನೆ.